ಯಾರು ಎಲ್ಲಿ ಮುಳುಗಬೇಕು: ಹ್ಯಾವ್ಲಾಕ್‌ನಲ್ಲಿ ನನ್ನ ಅನುಭವ

ನಮ್ಮೂರು ತುಮರಿ ಕಡೆ. ಎತ್ತ ಹೊರಟರೂ ಶರಾವತಿ ಹಿನ್ನೀರು ಎದುರಾಗುತ್ತದೆ. ಅದಕ್ಕೇ ಸಾಗರದವರು ನಮ್ಮನ್ನು ದ್ವೀಪದವರು ಅಂತ ಕರೆಯುತ್ತಾರೆ. ಈಜನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ, ಅದು ತಾನಾಗಿ ಬಂತು. ಆದರೆ ಎಲ್ಲಿ ಇಳಿಯಬೇಕು ಅನ್ನೋದನ್ನು ಅಜ್ಜ ಕಲಿಸಿದರು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು, ಗದ್ದೆ, ಕಾಡು ಎಲ್ಲ ನೀರಿನಡಿ ಹೋದವು. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು ಈಗಲೂ ಸಾಲಾಗಿ ಎದ್ದು ಕಾಣುತ್ತವೆ. ಏಪ್ರಿಲ್‌ನಲ್ಲಿ ಅಜ್ಜ ನಮ್ಮನ್ನು ಆ ಒಣಗಿದ ದಡದ ಮೇಲೆ ನಡೆಸಿಕೊಂಡು ಹೋಗುತ್ತಿದ್ದರು. ಇಲ್ಲಿ ಬೊಡ್ಡೆ ಇದೆ, ಇದು ಹಳೆ ಗದ್ದೆ, ಕೆಸರು ಕಾಲು ಬಿಡೋದಿಲ್ಲ, ಈ ಬಂಡೆಯ ಈಚೆ ಸಣ್ಣವರು, ಆಚೆ ದೊಡ್ಡವರು. ಮಳೆಗಾಲ ಕಳೆದು ನೀರು ತುಂಬಿದ ಮೇಲೆ ಇದೆಲ್ಲ ನೆನಪಿನಲ್ಲಿ ಇರಬೇಕಿತ್ತು. 'ಇಳಿಯೋದು ಆಮೇಲೆ, ಎಲ್ಲಿ ಹತ್ತುತ್ತೀಯ ಅಂತ ಮೊದಲು ತೋರಿಸು' ಅಂತ ಕೇಳುತ್ತಿದ್ದರು. ತೋರಿಸದಿದ್ದರೆ ನೀರಿಗೆ ಬಿಡುತ್ತಿರಲಿಲ್ಲ.

ಅಂಡಮಾನಿನ ಹ್ಯಾವ್ಲಾಕ್‌ಗೆ ನಾನು ಮೊದಲ ಸಲ ಹೋದದ್ದು ಫ್ರೀಡೈವಿಂಗ್ ಕಲಿಯಲು. ಬೆನ್ನಿಗೆ ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಮುಳುಗಿ ಬರುವ ವಿದ್ಯೆ ಅದು. ಮೊದಲ ಹಂತದ ಕೋರ್ಸಿನಲ್ಲಿ 20 ಮೀಟರ್ ಆಳದವರೆಗೆ ಕಲಿಸುತ್ತಾರೆ. ಎರಡನೇ ಸಲ ಹೋದಾಗ ಜೊತೆಗೆ ಮೂರು ಜನ ಇದ್ದರು. ಒಬ್ಬ ಬಾಲ್ಯದ ಗೆಳೆಯ, ಹಿನ್ನೀರಿನಲ್ಲಿ ನನಗಿಂತ ಚೆನ್ನಾಗಿ ಈಜುವವನು. ಇನ್ನೊಬ್ಬಳು ಅಕ್ಕನ ಮಗಳು, 19 ವರ್ಷ, ಶಿವಮೊಗ್ಗದ ಈಜುಕೊಳ ಬಿಟ್ಟರೆ ಬೇರೆ ನೀರು ಕಂಡವಳಲ್ಲ. ಮತ್ತೆ ನನ್ನ ಹೆಂಡತಿ, ಲೈಫ್ ಜಾಕೆಟ್ ಇದ್ದರೆ ಮಾತ್ರ ನೀರಿಗೆ ಬರುವವಳು. ನಾಲ್ಕು ಜನಕ್ಕೆ ಒಂದೇ ಜಾಗ ಆಗೋದಿಲ್ಲ ಅಂತ ಹೊರಡುವಾಗಲೇ ಗೊತ್ತಿತ್ತು.

ಜಾಗಕ್ಕಿಂತ ಮುಂಚೆ ದಿನ ಆರಿಸಬೇಕು. ಅಲ್ಲಿ ನವೆಂಬರ್‌ನಿಂದ ಮೇ ಮೊದಲ ಭಾಗದವರೆಗೆ ಸಮುದ್ರ ಒಳ್ಳೆಯದಿರುತ್ತದೆ. ಫೆಬ್ರವರಿ ಬಂದರೆ ನೀರು ಜಾಸ್ತಿ ತಿಳಿಯಾಗುತ್ತದೆ. ನಮಗೂ ಅಷ್ಟೊತ್ತಿಗೆ ಅಡಿಕೆ ಸುಗ್ಗಿ ಮುಗಿದಿರುತ್ತದೆ. ತಿಂಗಳು ಗೊತ್ತಾದ ಮೇಲೆ ಗೋಡೆಯ ಪಂಚಾಂಗ ತೆಗೆದೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಸೂರ್ಯ, ಚಂದ್ರ ಎರಡೂ ಒಂದೇ ಸಾಲಿನಲ್ಲಿ ನಿಂತು ಸಮುದ್ರವನ್ನು ಎಳೆಯುತ್ತವೆ. ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು, ಅದರ ಜೊತೆ ನೀರಿನ ಸೆಳೆತವೂ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಬೇರೆ ಬೇರೆ ಕಡೆಗೆ ಎಳೆಯುವುದರಿಂದ ಏರಿಳಿತ ಸಣ್ಣದಾಗುತ್ತದೆ. ಅಷ್ಟಮಿ ಕಳೆದು ಒಂದೆರಡು ದಿನ ಸಮುದ್ರ ಎಲ್ಲಕ್ಕಿಂತ ಸಾಧು. ಕಲಿಯುವವರನ್ನು ಕರೆದುಕೊಂಡು ಹೋಗುವಾಗ ನಾನು ಈ ದಿನಗಳನ್ನು ಬಿಟ್ಟು ಬೇರೆ ನೋಡುವುದಿಲ್ಲ. ಅಷ್ಟಮಿ, ನವಮಿ ಒಳ್ಳೆ ಕೆಲಸಕ್ಕೆ ಬೇಡ ಅಂತ ಅಮ್ಮನ ತಕರಾರು ಇತ್ತು. ಷಷ್ಠಿಯ ರಾತ್ರಿ ಸಾಗರದಲ್ಲಿ ರೈಲು ಹತ್ತಿದೆವು, ಮನೆಯಿಂದ ಹೊರಡೋ ದಿನ ಒಳ್ಳೆಯದಿತ್ತಲ್ಲ, ಅಮ್ಮನೂ ಒಪ್ಪಿದರು. ಬೆಂಗಳೂರು, ಅಲ್ಲಿಂದ ವಿಮಾನ, ಆಮೇಲೆ ಹಡಗು. ಅಷ್ಟಮಿ ದಿನ ಹ್ಯಾವ್ಲಾಕ್‌ನಲ್ಲಿದ್ದೆವು. 2018ರ ಕೊನೆಯಲ್ಲಿ ಅದಕ್ಕೆ ಸ್ವರಾಜ್ ದ್ವೀಪ ಅಂತ ಹೆಸರಾಗಿದೆ, ಆದರೆ ದೋಣಿಯವರ ಬಾಯಲ್ಲಿ ಈಗಲೂ ಹ್ಯಾವ್ಲಾಕ್.

ಮೊದಲ ದಿನ ಯಾರನ್ನೂ ಮುಳುಗಲು ಬಿಡಲಿಲ್ಲ. ಇಳಿತದ ಹೊತ್ತಿಗೆ ಐದನೇ ನಂಬರ್ ಬೀಚಿನಲ್ಲಿ ಎಲ್ಲರನ್ನೂ ನಡೆಸಿದೆ, ಅಜ್ಜ ನಮ್ಮನ್ನು ನಡೆಸಿದ ಹಾಗೆ. ನೀರು ದೂರ ಸರಿದಿತ್ತು. ಎಷ್ಟು ನಡೆದರೂ ಮೊಣಕಾಲು ಮುಳುಗುತ್ತಿರಲಿಲ್ಲ. ಕೆಳಗೆ ಸತ್ತ ಹವಳ, ಮುರಿದ ಹೆಂಚಿನ ಹಾಗೆ ಚೂಪು. ಅಕ್ಕನ ಮಗಳ ರಬ್ಬರ್ ಚಪ್ಪಲಿಯ ಅಂಚು ಎರಡು ಕಡೆ ಸೀಳಿತು. ಉಬ್ಬರದಲ್ಲಿ ಇದೇ ಜಾಗ ನೀಲಿ ಕೊಳದ ಹಾಗೆ ಚೆಂದ ಕಾಣುತ್ತದೆ. ಚೆಂದ ಅಂತ ಇಳಿದು, ಮೂರು ತಾಸು ಬಿಟ್ಟು ವಾಪಸ್ ಬರುವಾಗ ಈ ಚೂಪಿನ ಮೇಲೆ ಕಾಲಿಡಬೇಕಾಗುತ್ತದೆ. ಅದಕ್ಕೇ ದಡದಿಂದ ಇಳಿಯುವ ಯಾವ ಜಾಗಕ್ಕೂ ನನ್ನ ಲೆಕ್ಕ ಒಂದೇ. ಉಬ್ಬರ ಪೂರ್ತಿ ಆಗುವುದಕ್ಕೆ ಒಂದು ತಾಸು ಮುಂಚೆ ನೀರಿಗೆ, ಇಳಿತ ಜೋರಾಗುವ ಮೊದಲೇ ದಡಕ್ಕೆ. ಉಬ್ಬರ ತುಂಬಿ ನಿಂತ ಹೊತ್ತಿನಲ್ಲಿ ಸೆಳೆತವೂ ಕಡಿಮೆ ಇರುತ್ತದೆ.

ಹೆಂಡತಿಗೂ ಅಕ್ಕನ ಮಗಳಿಗೂ ನೀಮೋ ರೀಫ್ ಅಂತ ಕರೆಯುವ ಜಾಗ ಆರಿಸಿದೆ. ದಡದಿಂದಲೇ ನಡೆದು ಇಳಿಯಬಹುದು, ತಳ ನಿಧಾನವಾಗಿ ಇಳಿಜಾರಾಗುತ್ತದೆ, ಸುಸ್ತಾದರೆ ತಿರುಗಿ ಈಜಿ ಕಾಲೂರಬಹುದು. ಹೆದರುವವರಿಗೆ ತಳ ಕಾಣುತ್ತಿರಬೇಕು, ದಡವೂ ಕಾಣುತ್ತಿರಬೇಕು. ಹೆಂಡತಿ ಜಾಕೆಟ್ ಹಾಕಿಕೊಂಡು ಮೇಲೆ ತೇಲಿಕೊಂಡೇ ಮೀನು ನೋಡಿದಳು, ಅವಳಿಗೆ ಅಷ್ಟೇ ಬೇಕಿತ್ತು. ಅಕ್ಕನ ಮಗಳಿಗೆ ತೇಲುಬುರುಡೆಗೆ ಹಗ್ಗ ಕಟ್ಟಿ, ತುದಿಗೆ ಭಾರ ಹಾಕಿ ಐದು ಮೀಟರಿಗೆ ಇಳಿಬಿಟ್ಟೆ. ಪ್ರತಿ ಮೀಟರಿಗೂ ಕೆಂಪು ಟೇಪು ಸುತ್ತಿತ್ತು.

ಅವಳು ಮೊದಲು ಹಗ್ಗ ಹಿಡಿದು ಸುಮ್ನೆ ಮುಖ ಕೆಳಗೆ ಮಾಡಿ ತೇಲಿದಳು. ನಳಿಗೆಯಿಂದ ಉಸಿರು ಬರುವ, ಹೋಗುವ ಸದ್ದು ನನಗೆ ಕೇಳುತ್ತಿತ್ತು, ಶುರುವಿನಲ್ಲಿ ಬಿರುಸು. ಹತ್ತು ನಿಮಿಷಕ್ಕೆ ಅದು ತಣ್ಣಗಾಯಿತು. ಆಮೇಲೆ ಒಂದು ಕೈ ಮೂಗಿಗೆ, ಇನ್ನೊಂದು ಹಗ್ಗಕ್ಕೆ. ಒಂದು ಟೇಪು, ನಿಲ್ಲು, ಮೂಗು ಒತ್ತಿ ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸು, ಅಂದರೆ ಕಿವಿಯೊಳಗಿನ ಒತ್ತಡವನ್ನು ಹೊರಗಿನ ನೀರಿನ ಒತ್ತಡಕ್ಕೆ ಸಮ ಮಾಡು. ಎರಡನೇ ಟೇಪು, ಮತ್ತೆ ಬಿಡಿಸು. ನಾಲ್ಕನೆಯದಕ್ಕೆ ಹೋದಾಗ ಪಕ್ಕದಲ್ಲೇ ಒಂದು ಎನಿಮನಿ, ಹೂವಿನ ಹಾಗೆ ಕಾಣುವ ಸಮುದ್ರದ ಪ್ರಾಣಿ, ಅದರ ಎಳೆಗಳ ನಡುವೆ ಕಿತ್ತಳೆ ಬಣ್ಣದ ಮೀನು. ಅದು ಇವಳ ಬೆರಳಿನ ಹತ್ತಿರ ಬಂದು, ಓಡಿ, ಮತ್ತೆ ಬಂತು. ಇವಳು ಕೈ ಚಾಚಲಿಲ್ಲ. ಮೇಲೆ ಬಂದು ಮೂರು ಸಲ ಚೆನ್ನಾಗಿ ಉಸಿರಾಡಿ, ಹೇಳಿಕೊಟ್ಟ ಹಾಗೆ ಕೈಯಲ್ಲಿ ಸರಿ ಅಂತ ತೋರಿಸಿದಳು. ಆಮೇಲೆ ಮಾತು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ.

ಎಲಿಫೆಂಟ್ ಬೀಚ್ ಯಾಕೆ ಬೇಡ ಅಂತ ಅವಳೇ ಕೇಳಿದ್ದಳು. ಅಲ್ಲಿ ನೀರು ಆಳ ಇಲ್ಲ, ಹವಳವೂ ಇದೆ, ಎಲ್ಲರೂ ಹೋಗುತ್ತಾರೆ. ಎಲ್ಲರೂ ಹೋಗುವುದೇ ತೊಂದರೆ. ಬೆಳಗ್ಗೆಯಿಂದ ದೋಣಿ, ಜೆಟ್ ಸ್ಕೀ ಓಡಾಡುತ್ತವೆ. ಫ್ರೀಡೈವಿಂಗ್ ಮಾಡುವವರು ಯಾವ ಕ್ಷಣದಲ್ಲಿ ಎಲ್ಲಿ ತಲೆ ಎತ್ತುತ್ತಾರೆ ಅಂತ ದೋಣಿಯವನಿಗೆ ಗೊತ್ತಾಗುವುದಿಲ್ಲ. ದೋಣಿ ಓಡಾಡುವ ಮೂರು ಮೀಟರ್ ನೀರಿಗಿಂತ ಗಲಾಟೆ ಇಲ್ಲದ ಹದಿನೈದು ಮೀಟರ್ ನೀರು ನನಗೆ ವಾಸಿ. ರಾಧಾನಗರ್ ಬೀಚು ಸಂಜೆ ಕೂರಲು ಚೆಂದ. ಅಲೆ ಮರಳನ್ನು ಎಬ್ಬಿಸುವುದರಿಂದ ಮುಳುಗಿದರೆ ಏನೂ ಕಾಣುವುದಿಲ್ಲ. ಇನ್ನು ಕಾಂಡ್ಲಾ ಕಾಡು, ಹಳ್ಳ ಸಮುದ್ರ ಸೇರುವ ಬಾಯಿ, ಮೊಸಳೆಯ ಬೋರ್ಡು ಇರುವ ಕಡೆ ಯಾವ ಹಂತದವರೂ ಇಳಿಯಬಾರದು. ಉಪ್ಪುನೀರಿನ ಮೊಸಳೆ ಅಲ್ಲಿ ನಿಜವಾಗಿಯೂ ಇದೆ. 2010ರಲ್ಲಿ ಹ್ಯಾವ್ಲಾಕ್‌ನಲ್ಲೇ ಈಜುತ್ತಿದ್ದ ಪ್ರವಾಸಿಯೊಬ್ಬರ ಜೀವ ಹೋಗಿದೆ. ನಾನು ಪ್ರತಿ ಸಲ ಬೆಳಗ್ಗೆ ದೋಣಿಯವರನ್ನು ಕೇಳಿಯೇ ಹೊರಡುತ್ತೇನೆ.

ಈಗ ನಾನು ತಪ್ಪು ಮಾಡಿದ ಕಥೆ. ಗೆಳೆಯನ ಈಜು ಕಂಡಿದ್ದ ನಾನು ಅವನಿಗೆ ದಡದ ಜಾಗ ಬೇಡ ಅಂತ ನಿರ್ಧರಿಸಿಬಿಟ್ಟೆ. ಎರಡನೇ ದಿನವೇ ದೋಣಿಯಲ್ಲಿ ಆಚೆ ಕರೆದುಕೊಂಡು ಹೋಗಿ ಹಗ್ಗವನ್ನು 10 ಮೀಟರಿಗೆ ಕಟ್ಟಿದೆವು. ಅವನು ಹಿನ್ನೀರಿನಲ್ಲಿ ಮುಳುಗುತ್ತಿದ್ದುದು ಎರಡಾಳು ನೀರಿಗೆ, ಹೆಚ್ಚೆಂದರೆ ಎರಡೂವರೆ. ಕಿವಿ ನೋಯುವಷ್ಟರಲ್ಲಿ ತಳದ ಕಲ್ಲು ಮುಟ್ಟಿ ಮೇಲೆ ಬಂದಿರುತ್ತಿದ್ದ. ಇಲ್ಲೂ ಹಾಗೇ ತಲೆಕೆಳಗಾಗಿ ಬಾಣದ ಹಾಗೆ ಹೋದ. ಆರು ಮೀಟರ್ ದಾಟಿದ ಮೇಲೆ ಕಿವಿ ಬಿಡಿಸಲು ನೋಡಿದ, ಅಷ್ಟೊತ್ತಿಗೆ ಅದು ಬಿಗಿದುಕೊಂಡಿತ್ತು. ನೋವು ತಡೆದುಕೊಂಡು ಇನ್ನೂ ಇಳಿದ. ಮೇಲೆ ಬಂದಾಗ ಮಾಸ್ಕಿನೊಳಗೆ ರಕ್ತ. ಮೂಗಿನದು. ಎಡಗಿವಿ ಮಂದ. ವೈದ್ಯರು ನೋಡಿ, ಕಿವಿಯ ತಮಟೆ ಹರಿದಿಲ್ಲ, ಆದರೆ ಪೂರ್ತಿ ವಾಸಿಯಾಗುವವರೆಗೆ ಮುಳುಗಬೇಡ ಅಂದರು. ಉಳಿದ ದಿನಗಳನ್ನು ಅವನು ದೋಣಿಯಲ್ಲೇ ಕಳೆದ.

ಸಾವಿರ ಸಲ ನೀರಿಗಿಳಿದವನ ಕಿವಿ ಯಾಕೆ ಕೈ ಕೊಟ್ಟಿತು? ನೀರಿನ ಮೇಲೆ ಗಾಳಿಯ ಒತ್ತಡ ಒಂದು ಅಂತ ಇಟ್ಟುಕೊಂಡರೆ 10 ಮೀಟರಿನಲ್ಲಿ ಅದು ಎರಡಾಗುತ್ತದೆ, 20ಕ್ಕೆ ಮೂರು, 30ಕ್ಕೆ ನಾಲ್ಕು. ಅಂದರೆ ಮೊದಲ ಹತ್ತು ಮೀಟರಿನಲ್ಲೇ ನಮ್ಮೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಅಲ್ಲಿಂದ ಇನ್ನೂ ಹತ್ತು ಮೀಟರ್ ಹೋದರೆ ಅರ್ಧ ಇದ್ದದ್ದು ಮೂರನೇ ಒಂದು ಪಾಲಿಗೆ ಬರುತ್ತದೆ, ಅಷ್ಟೇ. ಕಿವಿಗೆ ಎಲ್ಲಕ್ಕಿಂತ ಕಷ್ಟದ ದಾರಿ ಮೇಲಿನ ಹತ್ತು ಮೀಟರೇ. ಅಲ್ಲೇ ನಾನು ಅವನಿಗೆ ಅವಸರ ಮಾಡಿಸಿದೆ. ಅಕ್ಕನ ಮಗಳಿಗೆ ಹೇಳಿದ ಟೇಪಿನ ಲೆಕ್ಕವನ್ನು ಅವನಿಗೂ ಹೇಳಬೇಕಿತ್ತು. ಗೊತ್ತಿದ್ದವನು ಅಂತ ಹೇಳಲಿಲ್ಲ. ಆವತ್ತಿನಿಂದ ಒಬ್ಬರಿಗೆ ಜಾಗ ಆರಿಸುವಾಗ ಅವರ ಕಿವಿ ಎಷ್ಟು ಮೀಟರಿಗೆ ಸಲೀಸಾಗಿ ಬಿಡುತ್ತದೆ ಅಂತ ನೋಡುತ್ತೇನೆ. ಅವರ ಈಜನ್ನು ಆಮೇಲೆ ನೋಡುತ್ತೇನೆ.

ನನ್ನ ಮಟ್ಟದವರಿಗೆ ಜೆಟ್ಟಿ ಹತ್ತಿರದ ದಿ ವಾಲ್ ಅನ್ನುವ, ನೀರಿನಡಿಯ ಗೋಡೆಯಂಥ ಜಾಗ ಒಳ್ಳೆಯದು. ಅಲ್ಲಿ ಗೋಡೆಯ ತಲೆ ಸುಮಾರು ಹತ್ತು ಮೀಟರಿನಲ್ಲಿದೆ, ಅಲ್ಲಿಂದ ನೆಟ್ಟಗೆ ಕೆಳಗೆ. ನಾವು ಗೋಡೆಯಿಂದ ಸ್ವಲ್ಪ ದೂರ, ಬರಿ ನೀಲಿಯಲ್ಲಿ ಹಗ್ಗ ಬಿಟ್ಟೆವು. ತಳ ಎಷ್ಟೇ ಆಳ ಇರಲಿ, ಹಗ್ಗದ ತುದಿಯ ತಟ್ಟೆ 18 ಮೀಟರಿಗೆ ನಿಂತರೆ ನನ್ನ ಆಳ ಅಷ್ಟೇ. ಕೈಗೂ ಹಗ್ಗಕ್ಕೂ ನಡುವೆ ಲ್ಯಾನ್ಯಾರ್ಡ್ ಅಂತ ಒಂದು ಸಣ್ಣ ಕಟ್ಟುದಾರ ಇರುತ್ತದೆ, ಸೆಳೆತ ಬಂದರೂ ದೂರ ಹೋಗುವುದಿಲ್ಲ. ಆದರೆ ತಳ ಕಾಣದ ನೀಲಿ ಹೊಸಬರಿಗೆ ದಿಗಿಲು ಹುಟ್ಟಿಸುತ್ತದೆ, ಎದೆ ಬಡಿತ ಏರಿದರೆ ಉಸಿರು ಬೇಗ ಖರ್ಚಾಗುತ್ತದೆ. ಡಿಕ್ಸನ್ಸ್ ಪಿನಾಕಲ್, ಜಾನಿಸ್ ಗಾರ್ಜ್ ಅಂತ ಇನ್ನೂ ದೂರದ ಹೆಸರಾಂತ ಜಾಗಗಳಿವೆ. ಅವು ಆಳ, ಸೆಳೆತವೂ ಇದೆ, ಅಲ್ಲಿ ಸಿಲಿಂಡರಿನವರಿಗೇ ಅನುಭವ ಬೇಕು. ನನಗೆ ಇನ್ನೂ ಅವು ಬೇಡ.

ನಾನು ಮುಳುಗುವಾಗ ಮೇಲೆ ಕಲಿತ ಜೊತೆಗಾರ ಇರಲೇಬೇಕು. ಆ ಸಲ ನಮ್ಮ ತರಬೇತುದಾರರು ಬಂದಿದ್ದರು. ಒಬ್ಬರು ಕೆಳಗೆ ಇದ್ದಾಗ ಇನ್ನೊಬ್ಬರು ಮೇಲೆ. ನಾನು ತಲೆ ಎತ್ತಿದ ಮೇಲೂ ಅವರು 30 ಸೆಕೆಂಡು ನನ್ನ ಮುಖ ಬಿಟ್ಟು ಬೇರೆ ಕಡೆ ನೋಡುವುದಿಲ್ಲ. ಎಚ್ಚರ ತಪ್ಪುವುದು ಹೆಚ್ಚಾಗಿ ಮೇಲೆ ಬರುವ ಕೊನೆಯ ಕೆಲವು ಮೀಟರಿನಲ್ಲಿ, ಇಲ್ಲವೇ ಮೇಲೆ ಬಂದ ಮೇಲೆ. ಒತ್ತಡ ಇಳಿಯುತ್ತಿದ್ದಂತೆ ಶ್ವಾಸಕೋಶದೊಳಗಿನ ಆಮ್ಲಜನಕದ ಒತ್ತಡವೂ ಇಳಿಯುತ್ತದೆ, ಮೆದುಳಿಗೆ ಸಾಲುವುದಿಲ್ಲ.

ಇದನ್ನು ನಮ್ಮೂರ ಹುಡುಗರಿಗೆ ಹೇಳಲೇಬೇಕು. ಮಡುವಿನಲ್ಲಿ ಯಾರು ಜಾಸ್ತಿ ಹೊತ್ತು ದಮ್ಮು ಕಟ್ಟುತ್ತಾರೆ ಅಂತ ಪಂದ್ಯ ಆಡುತ್ತೇವೆ ಅಲ್ವಾ? ಮುಂಚೆ ಬುಸುಬುಸು ಅಂತ ಇಪ್ಪತ್ತು ಸಲ ಉಸಿರೆಳೆಯುತ್ತೇವೆ. ಅದರಿಂದ ಆಮ್ಲಜನಕ ಹೆಚ್ಚೇನೂ ತುಂಬುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. ಉಸಿರು ಬೇಕು ಅಂತ ದೇಹ ಕೂಗುವುದು ಅದು ಏರಿದಾಗ. ಆ ಕೂಗನ್ನೇ ಅಳಿಸಿ ನೀರಿಗಿಳಿದರೆ, ಒಂದಿಷ್ಟೂ ಕಷ್ಟ ಅನ್ನಿಸದೆ ಎಚ್ಚರ ತಪ್ಪುತ್ತದೆ. ಪಕ್ಕದಲ್ಲಿದ್ದವರಿಗೆ ಗೊತ್ತೂ ಆಗುವುದಿಲ್ಲ. ಕೆರೆಯಾಗಲಿ, ಹೊಳೆಯಾಗಲಿ, ಈಜುಕೊಳವಾಗಲಿ, ದಯವಿಟ್ಟು ಒಬ್ಬರೇ ಈ ಅಭ್ಯಾಸ ಮಾಡಬೇಡಿ. ಹಿನ್ನೀರಿನಲ್ಲಿ ನಾನು ಈಜುತ್ತೇನೆ, ಆಳಕ್ಕೆ ಮುಳುಗುವ ಅಭ್ಯಾಸ ಮಾಡುವುದಿಲ್ಲ. ಕೆಳಗೆ ಬೊಡ್ಡೆ, ಕಣ್ಣಿಗೆ ಕಾಣುವುದು ಒಂದೆರಡು ಮಾರು.

ಗೆಳೆಯನ ಕಿವಿ ಪೂರ್ತಿ ವಾಸಿಯಾದ ಮೇಲೆ, ಡಿಸೆಂಬರಿನಲ್ಲಿ, ಅವನೇ ನೇತ್ರಾಣಿ ದ್ವೀಪಕ್ಕೆ ಹೋಗೋಣ ಅಂದ. ನಮಗೆ ಹತ್ತಿರ. ನಾಗೋಡಿ ಘಟ್ಟ ಇಳಿದು ಕೊಲ್ಲೂರು, ಭಟ್ಕಳ ದಾಟಿದರೆ ಮುರ್ಡೇಶ್ವರ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್. ಆದರೆ ಅದು ಹ್ಯಾವ್ಲಾಕ್ ತರಹದ ದ್ವೀಪ ಅಲ್ಲ. ಮರಳಿನ ದಡವಿಲ್ಲ, ಸುತ್ತಲೂ ಕಡಿದಾದ ಬಂಡೆ. ಇಳಿಯುವುದೂ ದೋಣಿಯಿಂದ, ಹತ್ತುವುದೂ ದೋಣಿಗೇ. ಅಕ್ಕನ ಮಗಳನ್ನು ಇನ್ನೊಂದು ವರ್ಷ ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ, ಕೇಳುತ್ತಲೇ ಇದ್ದಾಳೆ.

ಗಾಳಿ ಬೀಸದ ಮಗ್ಗುಲಿನಲ್ಲಿ ದೋಣಿ ನಿಲ್ಲಿಸಿದರು. ಹಗ್ಗ ಎಂಟು ಮೀಟರಿಗೆ ಕಟ್ಟಿ, ನಾನು ಮೇಲಿನಿಂದ ನೋಡುತ್ತಿದ್ದೆ. ಗೆಳೆಯ ಈ ಸಲ ತಲೆ ಮೇಲಾಗಿಯೇ ಇಳಿದ, ಒಂದೊಂದು ಟೇಪಿಗೂ ಮೂಗು ಹಿಡಿದು. ಐದನೇ ಟೇಪಿನಲ್ಲಿ ನಿಂತ. ಮತ್ತೊಮ್ಮೆ ಮೂಗು ಒತ್ತಿದ. ತಲೆಯನ್ನು ಎಡಕ್ಕೆ, ಬಲಕ್ಕೆ ಅಲ್ಲಾಡಿಸಿ, ಹಗ್ಗ ಹಿಡಿದು ನಿಧಾನವಾಗಿ ಮೇಲೆ ಬಂದ. 'ಎಡಗಿವಿ ಇವತ್ತು ಬಿಡ್ತಿಲ್ಲ' ಅಂದ. ಹಗ್ಗ ಸುತ್ತಿಟ್ಟೆವು. ಉಳಿದ ಒಂದು ತಾಸು ಇಬ್ಬರೂ ಮೇಲೆಯೇ ತೇಲಿಕೊಂಡು, ಕೆಳಗೆ ಬಂಡೆ ಕೆರೆಯುತ್ತಿದ್ದ ಗಿಳಿಮೀನುಗಳನ್ನು ನೋಡಿದೆವು.