ಶಾಮೊನಿ ಕಣಿವೆಯಲ್ಲಿ ಬೇಸಿಗೆಯ ಒಂದು ದಿನದ ಚಾರಣ: ಲೆಕ್ಕ ಕೊನೆಯ ಲಿಫ್ಟ್‌ನಿಂದ ಶುರುವಾಗಲಿ

ಫ್ರಾನ್ಸಿನ ಶಾಮೊನಿ ಪಟ್ಟಣ ಇರುವುದು 1035 ಮೀ. ಎತ್ತರದಲ್ಲಿ. ಕಣಿವೆಯ ಒಂದು ಮಗ್ಗುಲಲ್ಲಿ 4800 ಮೀ. ಮೀರಿದ ಮಾಂಟ್ ಬ್ಲಾಂಕ್ ಮತ್ತು ಅದರ ಹಿಮನದಿಗಳು, ಎದುರು ಮಗ್ಗುಲಲ್ಲಿ ಎಗ್ವೀ ರೂಜ್ ಎಂಬ ಕೆಂಬಂಡೆಯ ಶಿಖರಸಾಲು. ಹಗ್ಗ, ಮಂಜುಗೊಡಲಿ ಇಲ್ಲದೆ ನಡೆಯುವವರಿಗೆ ಹೆಚ್ಚು ದಾರಿಗಳಿರುವುದು ಈ ಎರಡನೆಯ ಮಗ್ಗುಲಲ್ಲಿ. ಮಾಂಟ್ ಬ್ಲಾಂಕ್ ಇಡಿಯಾಗಿ ಕಾಣುವುದೂ ಅಲ್ಲಿಂದಲೇ.

ಕೇಬಲ್ ಕಾರ್ (ಲಿಫ್ಟ್) ಹತ್ತಿದರೆ ಕೆಲವೇ ನಿಮಿಷಗಳಲ್ಲಿ 2000 ಮೀ. ಆಸುಪಾಸು ತಲುಪಬಹುದು. ಅನುಕೂಲ ದೊಡ್ಡದು, ಆದರೆ ಜನ ಎಡವುವುದೂ ಇಲ್ಲೇ. ಬೆವರು ಸುರಿಸದೆ ಮೇಲೇರಿದವರಿಗೆ ಎತ್ತರದ ಅಂದಾಜು ಸಿಗುವುದಿಲ್ಲ. ಹನ್ನೊಂದಕ್ಕೆ ಹೊರಟು ಮೂರಕ್ಕೆ ಗುಡುಗಿನ ಕೆಳಗೆ ಸಿಕ್ಕಿಕೊಳ್ಳುತ್ತಾರೆ, ಇಲ್ಲವೇ ಕೊನೆಯ ಲಿಫ್ಟ್ ತಪ್ಪಿಸಿಕೊಳ್ಳುತ್ತಾರೆ.

ಸಮಯದ ಲೆಕ್ಕ

ಅಲ್ಲಿನ ಹಳದಿ ಕೈಮರಗಳ ಮೇಲೆ ಸಾಮಾನ್ಯವಾಗಿ ಕಿಲೋಮೀಟರ್ ಇರುವುದಿಲ್ಲ, ಗಂಟೆ-ನಿಮಿಷ ಇರುತ್ತದೆ. ಅದು ನಡೆದು ಅಭ್ಯಾಸವಿರುವವರ ವೇಗ, ವಿಶ್ರಾಂತಿ ಅದರಲ್ಲಿ ಸೇರಿಲ್ಲ. ಆದ್ದರಿಂದ ನಿಮ್ಮ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಗಂಟೆಗೆ 300 ಮೀ. ಏರು, 500 ಮೀ. ಇಳಿಕೆ, ಅಡ್ಡ ದೂರವಾದರೆ 4 ಕಿ.ಮೀ. ಎತ್ತರಕ್ಕೆ ಬೇಕಾದ ಸಮಯ, ದೂರಕ್ಕೆ ಬೇಕಾದ ಸಮಯ ಎರಡನ್ನೂ ಬೇರೆಬೇರೆಯಾಗಿ ತೆಗೆದು, ದೊಡ್ಡದಕ್ಕೆ ಚಿಕ್ಕದರ ಅರ್ಧ ಕೂಡಿಸಿ.

ಎಲ್ಲರೂ ಹೋಗಬಯಸುವ ಲಾಕ್ ಬ್ಲಾಂ ಸರೋವರವನ್ನೇ ತೆಗೆದುಕೊಳ್ಳೋಣ. ಲೆ ಪ್ರಾ ಹಳ್ಳಿಯಿಂದ ಕೇಬಲ್ ಕಾರಿನಲ್ಲಿ ಫ್ಲೆಜೇರ್ ನಿಲ್ದಾಣಕ್ಕೆ (1877 ಮೀ.) ಬಂದು, ಅಲ್ಲಿಂದ ನಡಿಗೆ. ಸರೋವರ 2352 ಮೀ. ಎತ್ತರದಲ್ಲಿದೆ, ಅಂದರೆ ಏರು 475 ಮೀ., ದೂರ ಸುಮಾರು 3 ಕಿ.ಮೀ. ಏರಿಗೆ 1 ಗಂಟೆ 35 ನಿಮಿಷ, ದೂರಕ್ಕೆ 45 ನಿಮಿಷ. ಅದರ ಅರ್ಧ ಕೂಡಿಸಿದರೆ ಹತ್ತಿರ ಹತ್ತಿರ 2 ಗಂಟೆ. ಇಳಿಯಲು ಇದೇ ಲೆಕ್ಕದಲ್ಲಿ 1 ಗಂಟೆ 20 ನಿಮಿಷ.

ಈಗ ಹಿಂದಿನಿಂದ ಮುಂದಕ್ಕೆ ಬನ್ನಿ. ಗುಡುಗಿನ ಭಯವಿರುವ ದಿನ ಮಧ್ಯಾಹ್ನ 2ಕ್ಕೆ ಫ್ಲೆಜೇರ್‌ಗೆ ವಾಪಸಾಗಿರಬೇಕು. ಇಳಿಕೆಗೆ 1.20, ಸರೋವರದ ಬಳಿ ಒಂದು ಗಂಟೆ, ಏರಿಗೆ 2 ಗಂಟೆ, ನೀರು-ನಿಲುಗಡೆಗೆ 20 ನಿಮಿಷ ಕಳೆದರೆ ಉಳಿಯುವುದು ಬೆಳಿಗ್ಗೆ 9.20. ಲೆ ಪ್ರಾದಲ್ಲಿ ಸಾಲು ನಿಲ್ಲುವ ಹೊತ್ತೂ ಸೇರಿದರೆ 8.30ಕ್ಕೆ ಅಲ್ಲಿರಬೇಕು. ಆಗಸ್ಟ್‌ನಲ್ಲಂತೂ ಇನ್ನೂ ಬೇಗ ಹೋದರೇ ಒಳಿತು. ಮೇಲೆ ಹೋದ ಕೂಡಲೇ ನಿಲ್ದಾಣದ ಫಲಕದಲ್ಲಿರುವ ಕೊನೆಯ ಇಳಿಕೆಯ ಸಮಯದ ಫೋಟೊ ತೆಗೆದುಕೊಳ್ಳಿ. ಜೂನ್, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದು ಒಂದೇ ಇರುವುದಿಲ್ಲ.

ಇನ್ನೊಂದು ಮಾತು: ಗಾಳಿ, ಸಿಡಿಲು ಜೋರಾದರೆ ಲಿಫ್ಟ್ ನಿಲ್ಲಿಸುತ್ತಾರೆ. ನಿಮಗೆ ಅದು ತೀರಾ ಬೇಕಾದ ಹೊತ್ತಿನಲ್ಲೇ ಅದು ಇರುವುದಿಲ್ಲ. ಫ್ಲೆಜೇರ್‌ನಿಂದ ಲೆ ಪ್ರಾಗೆ ಕಾಡಿನ ದಾರಿಯಲ್ಲಿ 800 ಮೀ.ಗೂ ಹೆಚ್ಚು ಇಳಿಯಬೇಕು, ಸುಮಾರು 2 ಗಂಟೆ ಹಿಡಿಯುತ್ತದೆ. ಅಷ್ಟು ಶಕ್ತಿ ಮೊಣಕಾಲಿನಲ್ಲಿ ಉಳಿದಿರುವಂತೆ ದಿನವನ್ನು ಯೋಜಿಸಿ.

ಯಾವ ದಾರಿ

ಮೊದಲ ದಿನಕ್ಕೆ ಗ್ರಾಂಡ್ ಬಾಲ್ಕನ್ ಸೂದ್ ಸಾಕು. ಫ್ಲೆಜೇರ್‌ನಿಂದ ಪ್ಲಾಂಪ್ರಾ (2000 ಮೀ.) ತನಕ ಬೆಟ್ಟದ ಮಗ್ಗುಲಿನಲ್ಲೇ ಸಾಗುವ ದಾರಿ, ಎರಡರಿಂದ ಎರಡೂವರೆ ಗಂಟೆ. ಒಂದು ಲಿಫ್ಟ್‌ನಲ್ಲಿ ಏರಿ ಇನ್ನೊಂದರಲ್ಲಿ ಇಳಿಯಬಹುದು. ಕಾಲು, ಉಸಿರು ಹೇಗಿವೆ ಎಂಬುದು ಇಲ್ಲೇ ಗೊತ್ತಾಗಿಬಿಡುತ್ತದೆ.

ಎದುರು ಮಗ್ಗುಲಿನ ಗ್ರಾಂಡ್ ಬಾಲ್ಕನ್ ನೋರ್ ಇದಕ್ಕಿಂತ ಕಲ್ಲುಕಲ್ಲು. ಪ್ಲಾಂ ದ ಲೆಗ್ವೀ ಕೇಬಲ್ ಕಾರ್ ನಿಲ್ದಾಣದಿಂದ (ಸುಮಾರು 2310 ಮೀ.) ಹೊರಟು ಮೋಂತಾಂವೇರ್‌ಗೆ (1913 ಮೀ.) ಬರಲು ಮೂರು ಗಂಟೆ ಇಟ್ಟುಕೊಳ್ಳಿ. ಈ ದಿಕ್ಕಿನಲ್ಲೇ ನಡೆಯಿರಿ, ಒಟ್ಟಾರೆ ಇಳಿಕೆಯೇ ಹೆಚ್ಚು. ಕೊನೆಗೆ ಕವಲೊಡೆಯುವಲ್ಲಿ ಸಿನ್ಯಾಲ್ ದಿಬ್ಬದ ಕಡೆಯ ಮೇಲಿನ ದಾರಿ ಹಿಡಿದರೆ ಮೇರ್ ದ ಗ್ಲಾಸ್ ಹಿಮನದಿ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಆ ನೋಟಕ್ಕಾಗಿ ಸ್ವಲ್ಪ ಹೆಚ್ಚು ಏರಿದರೆ ನಷ್ಟವಿಲ್ಲ. ಮೋಂತಾಂವೇರ್‌ನಿಂದ ಶಾಮೊನಿಗೆ ಹಲ್ಲುಗಾಲಿಯ ರೈಲು ಇದೆ. ಅದು ತಪ್ಪಿದರೆ 880 ಮೀ. ಇಳಿಕೆ ನಿಮ್ಮ ಪಾಲಿಗೆ. ಹಿಮನದಿಯ ಮೇಲೆ ಮಾತ್ರ ಗೈಡ್ ಇಲ್ಲದೆ, ಹಗ್ಗವಿಲ್ಲದೆ ಕಾಲಿಡಬೇಡಿ. ಅದರ ಅಂಚಿನ ಸಡಿಲ ಕಲ್ಲುಗುಡ್ಡೆಗಳೂ ಬಿಸಿಲೇರಿದಂತೆ ಜಾರುತ್ತವೆ.

ಕಾಲು ಗಟ್ಟಿಯಿದ್ದವರು ಲಾಕ್ ಬ್ಲಾಂಗೆ ಲಿಫ್ಟ್ ಬಿಟ್ಟು ಕೋಲ್ ದೆ ಮೋಂತೆ ಎಂಬ ಕಣಿವೆದಾರಿಯ (1461 ಮೀ.) ಕಡೆಯಿಂದ ಏರಬಹುದು. ಹತ್ತಿರ ಹತ್ತಿರ 900 ಮೀ. ಏರು. ಟ್ರೆ ಲ ಶಾಂ ಹಳ್ಳಿಯಿಂದ ಹೊರಡುವ ಇನ್ನೊಂದು ದಾರಿಯಲ್ಲಿ ಬಂಡೆಗೆ ಕೂರಿಸಿದ ಕಬ್ಬಿಣದ ಏಣಿಗಳಿವೆ. ಎತ್ತರದ ಭಯವಿರುವವರಿಗೆ ಅದು ಬೇಡ. ಒದ್ದೆ ದಿನ ಯಾರಿಗೂ ಬೇಡ. ಎಗ್ವೀ ರೂಜ್ ಸಂರಕ್ಷಿತ ಪ್ರದೇಶದೊಳಗೆ, ಹಗ್ಗ ಕಟ್ಟಿ ಹಿಡಿದಿದ್ದರೂ ನಾಯಿಗೆ ಪ್ರವೇಶವಿಲ್ಲ.

ಉಳಿದ ಹಿಮ

ಬೇಸಿಗೆ ಎಂದರೆ ಹಿಮ ಕರಗಿ ಮುಗಿದಿದೆ ಎಂದಲ್ಲ. ಜೂನ್ ಇಡೀ, ಕೆಲವು ವರ್ಷ ಜುಲೈ ಮೊದಲ ಭಾಗದಲ್ಲೂ ನೆರಳಿನ ಕೊರಕಲುಗಳಲ್ಲಿ ಹಿಮದ ಪಟ್ಟಿಗಳು ದಾರಿಗೆ ಅಡ್ಡ ಬಿದ್ದಿರುತ್ತವೆ. ಲಾಕ್ ಬ್ಲಾಂ ಸುತ್ತಲೂ ಇವು ಸಾಮಾನ್ಯ. ಬೆಳಿಗ್ಗೆ ಇವು ಗಾಜಿನ ಹಾಗೆ ಗಟ್ಟಿ, ಮಧ್ಯಾಹ್ನಕ್ಕೆ ಮೆತ್ತಗೆ. ದಾಟುವ ಮುನ್ನ ಮೊದಲು ನೋಡಬೇಕಾದ್ದು ಎದುರಿನ ದಡವನ್ನಲ್ಲ, ಕೆಳಗಡೆಯನ್ನು: ಜಾರಿದರೆ ಎಲ್ಲಿ ಹೋಗಿ ನಿಲ್ಲುತ್ತೇನೆ? ಉತ್ತರ ಹುಲ್ಲುಗಾವಲಾದರೆ ನಡೆಯಿರಿ. ಬಂಡೆಯೋ ಪ್ರಪಾತವೋ ಆದರೆ ಹಿಂತಿರುಗಿ.

ಹೆಜ್ಜೆಯನ್ನು ಬೂಟಿನ ಅಂಚಿನಿಂದ ಎರಡು ಮೂರು ಸಲ ಒದ್ದು ಮೆಟ್ಟಿಲು ಮಾಡಿಕೊಂಡೇ ಭಾರ ಹಾಕಿ. ಪಟ್ಟಿಯ ಎರಡೂ ಕೊನೆ, ನಡುವೆ ತಲೆ ಎತ್ತಿದ ಬಂಡೆಯ ಸುತ್ತ, ತೊರೆಯ ಮೇಲ್ಭಾಗ ಇವು ಒಳಗೆ ಪೊಳ್ಳು. ಬಂಡೆ ಬಿಸಿಲು ಹೀರಿ ಪಕ್ಕದ ಹಿಮವನ್ನು ಕರಗಿಸುತ್ತದೆ, ನೀರು ಅಡಿಯಿಂದ ಕೊರೆಯುತ್ತದೆ, ಮೇಲಿನ ತೊಗಟೆ ಮಾತ್ರ ಉಳಿದಿರುತ್ತದೆ. ಕೋಲಿನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಅಲ್ಲಿ ಕಾಲಿಡಬೇಡಿ.

ಚೀಲದಲ್ಲಿ

ಪ್ರತಿ 1000 ಮೀ. ಏರಿಗೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಪಟ್ಟಣದಲ್ಲಿ 24 ಇದ್ದರೆ ಸರೋವರದ ಬಳಿ 15ರ ಆಸುಪಾಸು, ಗಾಳಿ ಬೀಸಿದರೆ ಇನ್ನೂ ಕಡಿಮೆ ಅನ್ನಿಸುತ್ತದೆ. ಬೆವರಿದ ಹತ್ತಿಯ ಟೀಶರ್ಟ್ ಅಲ್ಲಿ ಮೈ ಕೊರೆಯುತ್ತದೆ. ಸಿಂಥೆಟಿಕ್ ಅಥವಾ ಉಣ್ಣೆಯದು ಧರಿಸಿ, ಮೇಲೆ ಬೆಚ್ಚಗಿನದೊಂದು, ಅದರ ಮೇಲೆ ನೀರು-ಗಾಳಿ ತಡೆಯುವ ಜಾಕೆಟ್. ತೆಳು ಕೈಗವಸು, ಟೋಪಿ, ಒಬ್ಬರಿಗೆ ಒಂದೂವರೆಯಿಂದ ಎರಡು ಲೀಟರ್ ನೀರು, ಹೆಡ್‌ಲ್ಯಾಂಪ್, ಫಾಯಿಲ್ ಹೊದಿಕೆ, ಸೀಟಿ. ಫೋನಿನ ನಕ್ಷೆಯ ಜೊತೆಗೆ ಫ್ರಾನ್ಸಿನ ನಕ್ಷಾ ಸಂಸ್ಥೆ ಐಜಿಎನ್‌ನ 3630 ಒಟಿ ಎಂಬ 1:25,000ದ ಕಾಗದದ ನಕ್ಷೆಯೂ ಇರಲಿ. ಸನ್‌ಸ್ಕ್ರೀನ್ ಬೆಳಿಗ್ಗೆ ಒಮ್ಮೆ ಹಚ್ಚಿದರೆ ಸಾಲದು, ಎರಡು ಗಂಟೆಗೊಮ್ಮೆ ಹಚ್ಚಬೇಕು. ಹಿಮದ ಮೇಲೆ ನಡೆಯುವಾಗ ಗಲ್ಲದ ಅಡಿಗೂ ಮೂಗಿನ ಕೆಳಗೂ ಹಚ್ಚಿ, ಬಿಸಿಲು ಕೆಳಗಿನಿಂದಲೂ ಬಡಿಯುತ್ತದೆ.

ಇಳಿಯುವ ಮುಂಚೆ ಐದು ನಿಮಿಷ ಕೂತು ಬೂಟಿನ ಲೇಸ್ ಮತ್ತೆ ಕಟ್ಟಿ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಪಾದ ಮಡಿಯುವ ಜಾಗದಲ್ಲಿ ಬಿಗಿಯಾಗಿ ಗಂಟು ಹಾಕಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಬೆರಳುಗಳು ಬೂಟಿನ ಮೂತಿಗೆ ಬಡಿದು ಸಂಜೆಗೆ ಉಗುರು ಕಪ್ಪಾಗುತ್ತದೆ. ಕೋಲುಗಳನ್ನು 5ರಿಂದ 10 ಸೆಂ.ಮೀ. ಉದ್ದ ಮಾಡಿಕೊಳ್ಳಿ. ಹಿಮ್ಮಡಿ ಉರಿಯತೊಡಗಿದರೆ ಗುಳ್ಳೆ ಏಳಲಿ ಎಂದು ಕಾಯದೆ ಆಗಲೇ ಟೇಪ್ ಅಂಟಿಸಿ.

ಗುಡುಗು, ಅಪಘಾತ

ಹನ್ನೊಂದರ ಹೊತ್ತಿಗೇ ಮೋಡಗಳು ಹೂಕೋಸಿನಂತೆ ಎತ್ತರಕ್ಕೆ ಬೆಳೆಯುತ್ತಿದ್ದರೆ ಅಂದಿನ ಯೋಜನೆ ಕಿರಿದಾಗಿಸಿ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. 30 ಸೆಕೆಂಡಿಗಿಂತ ಕಡಿಮೆಯಾದರೆ ಏಣುಗಳಿಂದ, ಏಣಿಗಳಿಂದ, ಕಬ್ಬಿಣದ ಹಗ್ಗಗಳಿಂದ ದೂರ ಸರಿದು ಕೆಳಗಿಳಿಯಿರಿ. ಒಂಟಿ ಮರದಡಿ, ಬಂಡೆಯ ಪೊಟರೆಯ ಬಾಯಲ್ಲಿ ನಿಲ್ಲಬೇಡಿ. ಸಿಕ್ಕಿಕೊಂಡರೆ ಚೀಲದ ಮೇಲೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಜೊತೆಯವರಿಂದ ಅಂತರವಿರಲಿ.

ತುರ್ತಿಗೆ 112. ಎಲ್ಲಿದ್ದೀರಿ, ಎತ್ತರ ಎಷ್ಟು, ಎಷ್ಟು ಜನ, ಏನಾಗಿದೆ ಎಂದು ಈ ಕ್ರಮದಲ್ಲೇ ಹೇಳಿ. ಹೆಲಿಕಾಪ್ಟರ್ ಬಂದಾಗ ಎರಡೂ ಕೈ ಮೇಲೆತ್ತಿದರೆ ನೆರವು ಬೇಕೆಂದು, ಒಂದು ಮೇಲೆ ಒಂದು ಕೆಳಗೆ ಹಿಡಿದರೆ ಬೇಡವೆಂದು ಅರ್ಥ. ಸುಮ್ಮನೆ ಖುಷಿಗೆ ಕೈ ಬೀಸುವುದು ಬೇಡ. ಫೋನ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು. ಫ್ರಾನ್ಸಿನ ಕಡೆ ಬೆಟ್ಟದಲ್ಲಿ ಸರ್ಕಾರಿ ರಕ್ಷಣಾ ಪಡೆ ನಡಿಗೆಯವರಿಂದ ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ಸುಮಾರು 2200 ಮೀ. ಎತ್ತರದ ಕೋಲ್ ದ ಬಾಲ್ಮ್ ದಾಟಿ ಸ್ವಿಟ್ಜರ್ಲೆಂಡಿಗೆ ಇಳಿದಿರೋ, ಅಲ್ಲಿ ಬಿಲ್ ಬರುತ್ತದೆ. ಆ ದಾರಿಗೆ ವಿಮೆ ಇಲ್ಲದೆ ಹೋಗಬೇಡಿ. ಗಡಿಯ ಹತ್ತಿರ ಫೋನ್ ಸ್ವಿಸ್ ಟವರ್ ಹಿಡಿಯುವುದೂ ಉಂಟು. ಡೇಟಾ ರೋಮಿಂಗ್ ಮೊದಲೇ ಆಫ್ ಮಾಡಿಡಿ.

ಮುನ್ಸೂಚನೆ ಕೆಟ್ಟಿದ್ದ ದಿನ ಮೇಲಿನ ಲಿಫ್ಟ್ ಟಿಕೆಟಿಗೆ ದುಡ್ಡು ಹಾಕಬೇಡಿ. ಕಣಿವೆಯ ಬುಡದಲ್ಲೇ ಪೆತಿ ಬಾಲ್ಕನ್ ಸೂದ್, ಪೆತಿ ಬಾಲ್ಕನ್ ನೋರ್ ಎಂಬ ಕಾಡಿನ ದಾರಿಗಳಿವೆ. ನಡುನಡುವೆ ಹಳ್ಳಿಗೆ ಇಳಿಯುವ ಕವಲುಗಳಿರುವುದರಿಂದ ಬೇಕಾದಲ್ಲಿ ಇಳಿದು ಬಸ್ಸೋ ರೈಲೋ ಹಿಡಿದು ವಾಪಸಾಗಬಹುದು.