ಕಲಾವಿದರ ಹಕ್ಕಿಗೊಂದು ಮಸೂದೆ: ಕರಡು ಬರೆಯುವುದು ಹೇಗೆ?

ಗಾಯಕರು, ನಟರು ರುಜು ಹಾಕುವ ಕರಾರುಗಳಲ್ಲಿ ಪದೇಪದೇ ಕಾಣುವ ಒಂದು ಸಾಲಿದೆ: ‘ಈಗಿರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಇಡೀ ವಿಶ್ವದಲ್ಲಿ, ಶಾಶ್ವತವಾಗಿ ನನ್ನೆಲ್ಲ ಹಕ್ಕುಗಳನ್ನು ವಹಿಸಿಕೊಟ್ಟಿದ್ದೇನೆ.’ ಕಾನೂನು ಒಂದು ಕೈಯಲ್ಲಿ ಕೊಟ್ಟಿದ್ದನ್ನು ಈ ಸಾಲು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ರುಜು ಹಾಕದಿದ್ದರೆ ಕೆಲಸವಿಲ್ಲ. ಆದ್ದರಿಂದ ಮಸೂದೆ ಬರೆಯಲು ಕೂತವರು ಈ ಸಾಲನ್ನು ಮೇಜಿನ ಮೇಲೆ ಅಂಟಿಸಿಕೊಳ್ಳುವುದು ಒಳ್ಳೆಯದು. ಪ್ರತಿ ಕಲಂ ಬರೆದಾದ ಮೇಲೂ ಅದನ್ನು ಪಕ್ಕಕ್ಕಿಟ್ಟು ನೋಡಿ: ನಿಮ್ಮ ಕಲಂ ಉಳಿಯುತ್ತದೆಯೇ?

ಕಲಾವಿದ ಎಂದರೆ ಯಾರು?

ವ್ಯಾಖ್ಯೆಯಿಂದಲೇ ಶುರುಮಾಡಬೇಕು. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮ ನಟ, ಗಾಯಕ, ವಾದಕ, ನರ್ತಕರ ಜೊತೆಗೆ ಜಾದೂಗಾರ, ಹಾವಾಡಿಗ, ಉಪನ್ಯಾಸ ಕೊಡುವವರನ್ನೂ ಹೆಸರಿಸಿ, ಕೊನೆಯಲ್ಲಿ ‘ಪ್ರದರ್ಶನ ನೀಡುವ ಬೇರೆ ಯಾರೇ ಆಗಲಿ’ ಎಂದು ಬಾಗಿಲು ತೆರೆದಿಟ್ಟಿದೆ. ಒಳ್ಳೆಯ ಮಾದರಿ. ಆದರೆ 2012ರ ತಿದ್ದುಪಡಿಯಲ್ಲಿ ಬಂದ ಪರಂತುಕ (ಕಲಂಗೆ ಜೋಡಿಸಿದ ‘ಆದರೆ’ ಎಂಬ ಷರತ್ತು), ಸಿನಿಮಾದಲ್ಲಿ ಸಾಂದರ್ಭಿಕವಾಗಿ ಬಂದುಹೋಗುವ, ಉದ್ಯಮದ ರೂಢಿಯಂತೆ ಹೆಸರಪಟ್ಟಿಯಲ್ಲಿ ಕಾಣದವರನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಹೆಸರು ಹಾಕುವ ಪೆನ್ನು ನಿರ್ಮಾಪಕರ ಕೈಯಲ್ಲಿರುವಾಗ ಇದು ಅಪಾಯದ ಅಳತೆಗೋಲು. ಹೆಸರು ಬಂತೇ ಎಂದು ಕೇಳುವ ಬದಲು, ಆ ವ್ಯಕ್ತಿಯ ಧ್ವನಿಯೋ ಅಭಿನಯವೋ ಅಂತಿಮ ಪ್ರತಿಯಲ್ಲಿ ಉಳಿಯಿತೇ ಎಂದು ಕೇಳಿ.

ಧ್ವನಿ ಮತ್ತು ದೃಶ್ಯ ಎರಡನ್ನೂ ಒಂದೇ ಕಾನೂನಿನಲ್ಲಿ ತನ್ನಿ. ಕಲಾವಿದರ ಹಕ್ಕುಗಳ ಬಗ್ಗೆ ದೇಶಗಳ ನಡುವೆ ಆದ 1961ರ ರೋಮ್ ಒಪ್ಪಂದದ 19ನೇ ವಿಧಿಯಂತೆ, ದೃಶ್ಯ ಮುದ್ರಣಕ್ಕೆ ಒಮ್ಮೆ ಒಪ್ಪಿಗೆ ಕೊಟ್ಟ ಕಲಾವಿದನಿಗೆ ಆ ಒಪ್ಪಂದ ಕೊಟ್ಟಿದ್ದ ತಡೆಯುವ ಹಕ್ಕು ಅಲ್ಲಿಗೇ ಮುಗಿಯಿತು. 1996ರ ಜಾಗತಿಕ ಒಪ್ಪಂದ ಧ್ವನಿಮುದ್ರಣಕ್ಕಷ್ಟೇ ನೆರವಾಯಿತು. ದೃಶ್ಯಕ್ಕೆಂದು 2012ರಲ್ಲಿ ಬೀಜಿಂಗ್ ಒಪ್ಪಂದವಾಯಿತು, ಅದು ಜಾರಿಗೆ ಬಂದದ್ದು 2020ರ ಏಪ್ರಿಲ್‌ನಲ್ಲಿ. ಹಳೆಯ ಕಾನೂನಿನ ಮಾತುಗಳನ್ನು ನಕಲು ಮಾಡಿದರೆ ಹಾಡಿದವರಿಗೆ ಒಂದು ನ್ಯಾಯ, ನಟಿಸಿದವರಿಗೆ ಇನ್ನೊಂದು ಎಂದಾಗುತ್ತದೆ.

ಮಸೂದೆಯ ಬೆನ್ನೆಲುಬು

ಹಕ್ಕುಗಳಲ್ಲಿ ಎರಡು ಬಗೆ. ಒಂದು, ‘ನನ್ನನ್ನು ಕೇಳದೆ ಬಳಸಬೇಡಿ’ ಎನ್ನುವ ತಡೆಹಕ್ಕು. ಇನ್ನೊಂದು, ‘ಬಳಸಿಕೊಳ್ಳಿ, ಪ್ರತಿಸಲ ನನ್ನ ಪಾಲು ಕೊಡಿ’ ಎನ್ನುವ ಸಂಭಾವನೆಯ ಹಕ್ಕು. ಮೊದಲನೆಯದನ್ನು ನಿರ್ಮಾಪಕರು ಬರೆಸಿಕೊಂಡೇ ತೀರುತ್ತಾರೆ. ಅದಿಲ್ಲದೆ ಅವರ ವ್ಯವಹಾರ ನಡೆಯುವುದೂ ಇಲ್ಲ, ಅದರಲ್ಲಿ ತಪ್ಪೇನಿಲ್ಲ. ಎರಡನೆಯದನ್ನು ಮಾತ್ರ ಯಾರೂ ಬರೆಸಿಕೊಳ್ಳಲಾಗದಂತೆ ಕಟ್ಟಬೇಕು. ಬಾಡಿಗೆಗೆ ಕೊಡುವ ಕ್ಯಾಸೆಟ್, ಡಿಸ್ಕ್‌ಗಳ ವಿಷಯದಲ್ಲಿ ಐರೋಪ್ಯ ಒಕ್ಕೂಟ 1992ರಲ್ಲೇ ಇಂಥ ಬಿಟ್ಟುಕೊಡಲಾಗದ ಹಕ್ಕನ್ನು ತಂದಿತ್ತು.

ಕಲಂ ಹೀಗಿರಬಹುದು: ‘ತಡೆಹಕ್ಕನ್ನು ವಹಿಸಿಕೊಟ್ಟ ಮೇಲೂ ಪ್ರತಿ ಬಳಕೆಗೆ ಸಂಭಾವನೆ ಪಡೆಯುವ ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ. ಇದನ್ನು ಬಿಟ್ಟುಕೊಡುವಂತಿಲ್ಲ, ವಸೂಲಿಗಾಗಿ ಕಲಾವಿದರ ಸಂಘಕ್ಕೆ ಹೊರತು ಬೇರಾರಿಗೂ ವಹಿಸುವಂತಿಲ್ಲ. ಪ್ರದರ್ಶನವನ್ನು ಸಾರ್ವಜನಿಕರಿಗೆ ತಲುಪಿಸುವವರೇ ಅದನ್ನು ಪಾವತಿಸತಕ್ಕದ್ದು.’

ಮೂರೂ ವಾಕ್ಯ ಬೇಕು. ‘ಬಿಟ್ಟುಕೊಡುವಂತಿಲ್ಲ’ ಎಂದಷ್ಟೇ ಬರೆದರೆ ಅದೇ ಹಕ್ಕನ್ನು ನಿರ್ಮಾಪಕರ ಹೆಸರಿಗೆ ‘ವಹಿಸಿ’ ಬರೆಸಿಕೊಳ್ಳುತ್ತಾರೆ. ಕೊಡಬೇಕಾದವರು ಯಾರೆಂದು ಹೇಳದಿದ್ದರೆ ಪ್ರಸಾರಕರು ನಿರ್ಮಾಪಕರತ್ತ, ನಿರ್ಮಾಪಕರು ಪ್ರಸಾರಕರತ್ತ ಬೆರಳು ತೋರಿಸುತ್ತಾರೆ. ಕರಾರಿನಲ್ಲಿ ಬೇರೆ ದೇಶದ ಕಾನೂನು ಅನ್ವಯ ಎಂದು ಬರೆದುಕೊಂಡರೂ ಈ ಕಲಂ ತಪ್ಪದು ಎಂಬ ಸಾಲನ್ನೂ ಸೇರಿಸಿ.

‘ರೇಡಿಯೊ’, ‘ಸ್ಟ್ರೀಮಿಂಗ್’ ಎಂದು ಮಾಧ್ಯಮದ ಹೆಸರು ಹಿಡಿಯಬೇಡಿ. ಅಮೆರಿಕದ ಫೆಡರಲ್ ಕಾನೂನು ಧ್ವನಿಮುದ್ರಿಕೆಗಳ ಡಿಜಿಟಲ್ ಪ್ರಸಾರಕ್ಕಷ್ಟೇ 1995ರಲ್ಲಿ ಹಕ್ಕು ಕೊಟ್ಟಿತು. ಸಾಮಾನ್ಯ ರೇಡಿಯೊ ಕೇಂದ್ರ ಅದೇ ಹಾಡು ಹಾಕಿದರೆ ಹಾಡಿದವರಿಗೆ ಆ ಕಾನೂನು ಇಂದಿಗೂ ಕಾಸು ಕೊಡಿಸುವುದಿಲ್ಲ.

ಎಷ್ಟು, ಯಾರಿಗೆ, ಯಾವಾಗ

‘ನ್ಯಾಯಯುತ ಸಂಭಾವನೆ’ ಎಂಬ ಎರಡು ಪದ ಬರೆದು ಕೈತೊಳೆದುಕೊಂಡರೆ ಪ್ರತಿ ಜಗಳವೂ ಕೋರ್ಟಿಗೆ ಹೋಗುತ್ತದೆ. ದರವನ್ನು ಮಾತುಕತೆಗೆ ಬಿಡಿ, ಮಾತು ಮುರಿದರೆ ಗೊತ್ತಾದ ಅವಧಿಯಲ್ಲಿ ದರ ಕಟ್ಟುವ ನ್ಯಾಯಮಂಡಳಿ ಇರಲಿ. ಪಾಲಿನ ಲೆಕ್ಕವನ್ನು ಮಾತ್ರ ಕಾನೂನಿನಲ್ಲೇ ಬರೆಯಿರಿ. ಅಮೆರಿಕದಲ್ಲಿ ಶಾಸನಬದ್ಧ ಪರವಾನಗಿಯ (ಒಡೆಯರನ್ನು ಕೇಳದೆ, ಗೊತ್ತಾದ ದರ ಕೊಟ್ಟು ಬಳಸಲು ಕಾನೂನೇ ಕೊಡುವ ಅನುಮತಿ) ಡಿಜಿಟಲ್ ಪ್ರಸಾರದ ಹಣ 1,000 ಬಂದರೆ ಮುದ್ರಿಕೆಯ ಒಡೆಯರಿಗೆ 500, ಮುಖ್ಯ ಕಲಾವಿದರಿಗೆ 450, ಹಿನ್ನೆಲೆ ವಾದಕರ ನಿಧಿಗೆ 25, ಹಿನ್ನೆಲೆ ಗಾಯಕರ ನಿಧಿಗೆ 25. ಕಲಾವಿದರ ಪಾಲು ಕಂಪನಿಯ ಲೆಕ್ಕಪುಸ್ತಕದೊಳಗೆ ಹಾದುಹೋಗದಿರುವುದೇ ಇಲ್ಲಿನ ಹೆಚ್ಚುಗಾರಿಕೆ. ಹಾದುಹೋದರೆ ಹಳೆಯ ಮುಂಗಡಕ್ಕೆ ಜಮೆಯಾಗಿಬಿಡುತ್ತದೆ.

ಬಿಡಿ ವಾದಕರು ಒಂದೇ ಕಂತಿನ ಹಣಕ್ಕೆ ನುಡಿಸಿ ಹೋಗುವವರು. ಐರೋಪ್ಯ ಒಕ್ಕೂಟ 2011ರಲ್ಲಿ ಧ್ವನಿಮುದ್ರಿಕೆಯ ರಕ್ಷಣೆಯನ್ನು 50ರಿಂದ 70 ವರ್ಷಕ್ಕೆ ಏರಿಸಿದಾಗ, ಆ ಹೆಚ್ಚುವರಿ ವರ್ಷಗಳ ಆದಾಯದಲ್ಲಿ ಶೇ 20ರಷ್ಟನ್ನು ಇವರಿಗಾಗಿ ತೆಗೆದಿಡಬೇಕೆಂದಿತು.

ಇಷ್ಟಾದರೂ ಹಣ ನಿಲ್ಲುವುದು ಬೇರೆ ಕಡೆ: ನುಡಿಸಿದ್ದು ಯಾರೆಂದೇ ಗೊತ್ತಿರುವುದಿಲ್ಲ. ಮುದ್ರಣ ಮುಗಿದ ದಿನವೇ ಹೆಸರು, ವಾದ್ಯ ಅಥವಾ ಪಾತ್ರ, ಹಾಡಿನ ಗುರುತುಸಂಖ್ಯೆ ಇರುವ ಹಾಳೆಗೆ ಎಲ್ಲರ ರುಜು ಪಡೆದು ಸಂಘಕ್ಕೆ ಸಲ್ಲಿಸುವುದನ್ನು ಕಡ್ಡಾಯ ಮಾಡಿ. ವರ್ಷಕ್ಕೊಮ್ಮೆಯಾದರೂ ಕೃತಿವಾರು ಲೆಕ್ಕ ಬರಬೇಕು, ಕಡಿತ ಏನೇನು ಎಂಬುದರ ಸಮೇತ. ಸಂಘಗಳಿಗೂ ಗಡುವು ಬೇಕು. ಐರೋಪ್ಯ ನಿಯಮದಲ್ಲಿ ಸಾಮಾನ್ಯವಾಗಿ ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಹಂಚಬೇಕು.

ಒಟ್ಟಾಗಿ ಮಾತಾಡಲು ಅನುಮತಿ

ಹೊಸಬರು ಇಲ್ಲಿ ಎಡವುತ್ತಾರೆ. ಸ್ವತಂತ್ರವಾಗಿ ದುಡಿಯುವ ಕಲಾವಿದರು ಸೇರಿ ಕನಿಷ್ಠ ದರ ಕಟ್ಟಿದರೆ, ಸ್ಪರ್ಧಾ ಕಾನೂನಿನ ಕಣ್ಣಿಗೆ ಅದು ವ್ಯಾಪಾರಿಗಳ ಬೆಲೆಕೂಟದಂತೆ ಕಾಣಬಹುದು. ಡಚ್ ಆರ್ಕೆಸ್ಟ್ರಾಗಳ ಬದಲಿ ವಾದಕರ ದರದ ಬಗ್ಗೆ ಇದೇ ಪ್ರಶ್ನೆ ಎದ್ದು 2014ರಲ್ಲಿ ಐರೋಪ್ಯ ನ್ಯಾಯಾಲಯದವರೆಗೆ ಹೋಯಿತು. ಹೆಸರಿಗಷ್ಟೇ ಸ್ವತಂತ್ರರಾಗಿ, ನಿಜದಲ್ಲಿ ನೌಕರರಂತೆ ದುಡಿಯುವವರಿಗೆ ಮಾತ್ರ ವಿನಾಯಿತಿ ಎಂದಿತು ಕೋರ್ಟು. ಕೆನಡಾ 1992ರ ಕಾಯ್ದೆಯಲ್ಲೂ, ಚಿತ್ರೋದ್ಯಮದ ಮಟ್ಟಿಗೆ ನ್ಯೂಜಿಲೆಂಡ್ 2022ರ ಕಾಯ್ದೆಯಲ್ಲೂ ಸಾಮೂಹಿಕ ಚೌಕಾಸಿಗೆ ನೇರ ದಾರಿ ಮಾಡಿಕೊಟ್ಟಿವೆ. ನಿಮ್ಮ ಮಸೂದೆಯಲ್ಲೂ ಸ್ಪರ್ಧಾ ಕಾಯ್ದೆಯ ಹೆಸರು ಹೇಳಿಯೇ ವಿನಾಯಿತಿ ಬರೆಯಿರಿ.

ಡಿಜಿಟಲ್ ಪ್ರತಿರೂಪಕ್ಕೆ, ಅಂದರೆ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಕಲಾವಿದರ ಧ್ವನಿ ಅಥವಾ ರೂಪದ ನಕಲಿಗೆ, ಪ್ರತ್ಯೇಕ ಕಲಂ ಬೇಕು. ಕ್ಯಾಲಿಫೋರ್ನಿಯಾದ 2024ರ ಕಾನೂನಿನಂತೆ, ಕಲಾವಿದ ಖುದ್ದಾಗಿ ಮಾಡಬಹುದಾಗಿದ್ದ ಕೆಲಸವನ್ನು ಪ್ರತಿರೂಪದಿಂದ ಮಾಡಿಸುವ ಷರತ್ತಿನಲ್ಲಿ ಬಳಕೆಯ ಸ್ಪಷ್ಟ ವಿವರವೂ ಇಲ್ಲ, ಕಲಾವಿದನ ಕಡೆ ವಕೀಲರೋ ಸಂಘವೋ ಇರಲೂ ಇಲ್ಲ ಎಂದಾದರೆ ಆ ಷರತ್ತು ನಿಲ್ಲದು.

ಹೆಸರು ಹಾಕಿಸಿಕೊಳ್ಳುವ, ಪ್ರದರ್ಶನವನ್ನು ವಿರೂಪಗೊಳಿಸದಂತೆ ತಡೆಯುವ ನೈತಿಕ ಹಕ್ಕು ತಾನಾಗಿಯೇ ಸಿಗಲಿ. ಬ್ರಿಟನ್ನಿನಲ್ಲಿ ಹೆಸರಿನ ಹಕ್ಕನ್ನು ಮೊದಲು ‘ಪ್ರತಿಪಾದಿಸಬೇಕು’, ಬರೆದುಕೊಟ್ಟು ಬಿಡಲೂಬಹುದು. ಆ ದಾರಿ ಬೇಡ.

ದೂರು ಕೊಟ್ಟವರಿಗೆ ಮುಂದಿನ ಕೆಲಸ ಸಿಗುವುದಿಲ್ಲ ಎಂಬ ಭಯ ಸುಳ್ಳಲ್ಲ. ಕಲಾವಿದರ ಹೆಸರು ಹೇಳದೆ ಸಂಘವೇ ಲೆಕ್ಕ ಕೇಳುವ, ದಾವೆ ಹೂಡುವ ಅವಕಾಶ ಇರಲಿ.

ಕೊನೆಗೆ, ಜಾರಿಯ ದಿನಾಂಕದ ಕಲಂ. ಸಾಮಾನ್ಯವಾಗಿ ಸಂಜೆ ಹೊತ್ತಿಗೆ, ಎಲ್ಲರೂ ದಣಿದ ಮೇಲೆ ಬರೆಯುವ ಕಲಂ ಇದು. ‘ಈ ದಿನದ ನಂತರದ ಒಪ್ಪಂದಗಳಿಗೆ’ ಎಂದು ಬರೆದರೆ ಈಗಾಗಲೇ ಮುದ್ರಣವಾಗಿರುವ ಅಷ್ಟೂ ಹಾಡು, ಅಷ್ಟೂ ಸಿನಿಮಾ ಹೊರಗುಳಿಯುತ್ತವೆ. ‘ಈ ದಿನದ ನಂತರದ ಬಳಕೆಗಳಿಗೆ, ಒಪ್ಪಂದ ಎಂದೇ ಆಗಿರಲಿ’ ಎಂದು ಬರೆದರೆ ಹಳೆಯ ಮುದ್ರಿಕೆಗೂ ಮರುದಿನದಿಂದಲೇ ಲೆಕ್ಕ ಶುರು.