ಪುಕ್ಕಟೆ ಕಾರ್ಡೋ ದುಬಾರಿ ಕಾರ್ಡೋ? ಸ್ಟೇಟ್‌ಮೆಂಟ್ ಇಟ್ಟುಕೊಂಡು ಲೆಕ್ಕ ಹಾಕಿ

ಮಾಲ್‌ನಲ್ಲಿ ಕ್ರೆಡಿಟ್ ಕಾರ್ಡ್ ಮಾರುವವರು ಮೊದಲು ತೋರಿಸುವುದು ಏರ್‌ಪೋರ್ಟ್ ಲೌಂಜಿನ ಫೋಟೊ. ಅದನ್ನು ಕೊನೆಗೆ ನೋಡಿದರಾಯಿತು. ಮೊದಲು ಕಳೆದ ಹನ್ನೆರಡು ತಿಂಗಳ ಕಾರ್ಡ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ.

ಆ ಹನ್ನೆರಡರಲ್ಲಿ ಒಂದೆರಡು ತಿಂಗಳು ‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನ ಕನಿಷ್ಠ ಪಾಲು ಮಾತ್ರ ಕಟ್ಟಿದ್ದರೆ ಮುಂದಿನ ಲೆಕ್ಕವೇ ಬೇಡ. 50,000 ರೂಪಾಯಿ ಬಾಕಿಗೆ ತಿಂಗಳಿಗೆ 3.5% ಬಡ್ಡಿ ಎಂದರೆ 1,750, ಅದಕ್ಕೆ 18% ಜಿಎಸ್‌ಟಿ 315, ಒಟ್ಟು 2,065. ಸಾಲದ್ದಕ್ಕೆ ಬಾಕಿ ತೀರುವ ತನಕ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. ಖರ್ಚಿಗೆ ಬಹುಮಾನವಾಗಿ ಸಿಗುವ ಪಾಯಿಂಟ್ ಇದನ್ನು ತುಂಬಿಕೊಡುವಂಥದ್ದು ಯಾವ ಕಾರ್ಡಿನಲ್ಲೂ ಇಲ್ಲ.

ಪ್ರತಿ ಸಲ ಪೂರ್ತಿ ಕಟ್ಟುವವರು ಹೀಗೆ ಲೆಕ್ಕ ಹಾಕಿ. ಡೊಂಬಿವಲಿಯ ಒಂದು ಮನೆಯಲ್ಲಿ ತಿಂಗಳಿಗೆ 45,000, ವರ್ಷಕ್ಕೆ 5,40,000 ಕಾರ್ಡಿನಲ್ಲಿ ಹೋಗುತ್ತದೆ ಎನ್ನೋಣ. ಇದರಲ್ಲಿ ಬಾಡಿಗೆ 2,40,000. ಪೆಟ್ರೋಲ್, ಕರೆಂಟು, ಗ್ಯಾಸ್ ಸೇರಿ 60,000. ಬಾಡಿಗೆ, ಪೆಟ್ರೋಲ್, ವಾಲೆಟ್ ತುಂಬಿಸುವುದು, ಇಎಂಐ, ಇವಕ್ಕೆ ಹೆಚ್ಚಿನ ಕಾರ್ಡ್‌ಗಳು ಪಾಯಿಂಟ್ ಕೊಡುವುದಿಲ್ಲ. ಕರೆಂಟು, ವಿಮೆಗೆ ಕೊಟ್ಟರೂ ತಿಂಗಳಿಗೆ ಇಷ್ಟೇ ಎಂಬ ಮಿತಿ ಇರುತ್ತದೆ. ಅವನ್ನು ಹೊಡೆದುಹಾಕಿದರೆ ಉಳಿಯುವುದು 2,40,000. ಬಹಳಷ್ಟು ಜನ ಎಡವುವುದು ಇಲ್ಲೇ: ಒಟ್ಟು ಖರ್ಚಿಗೆ ಶೇಕಡಾವಾರು ಹಾಕಿ ಹಿಗ್ಗುತ್ತಾರೆ.

ಈ 2,40,000ಕ್ಕೆ ಶುಲ್ಕವಿಲ್ಲದ ಕಾರ್ಡ್ ಸರಾಸರಿ 1.5% ಕೊಟ್ಟರೆ 3,600 ಕೈಗೆ ಬರುತ್ತದೆ. ದುಬಾರಿ ಕಾರ್ಡ್ 3.3% ಕೊಟ್ಟರೆ 7,920 ಪಾಯಿಂಟ್. ಆದರೆ ಅದರ ವಾರ್ಷಿಕ ಶುಲ್ಕ 10,000 ಎಂದಿದ್ದರೆ ಜಿಎಸ್‌ಟಿ ಸೇರಿ ಕಟ್ಟುವುದು 11,800. ಅಂದರೆ ಒಂದು ಕಡೆ 3,600 ಲಾಭ, ಇನ್ನೊಂದು ಕಡೆ 3,880 ನಷ್ಟ. ಎರಡೂ ಸಮ ಆಗಬೇಕಾದರೆ ಪಾಯಿಂಟ್ ಸಿಗುವಂಥ ಖರ್ಚೇ ವರ್ಷಕ್ಕೆ ಸುಮಾರು 6.55 ಲಕ್ಷ ಇರಬೇಕು: 3.3ರಲ್ಲಿ 1.5 ಕಳೆದರೆ ಉಳಿಯುವ 1.8%ರಿಂದ 11,800 ಅನ್ನು ಭಾಗಿಸಿ ನೋಡಿ.

ಅದೂ ಒಂದು ಪಾಯಿಂಟಿಗೆ ಪೂರ್ತಿ ಒಂದು ರೂಪಾಯಿ ಹುಟ್ಟಿದರೆ ಮಾತ್ರ. ಆ ಬೆಲೆ ಸಾಮಾನ್ಯವಾಗಿ ಬ್ಯಾಂಕಿನ ಪೋರ್ಟಲ್‌ನಲ್ಲಿ ವಿಮಾನ, ಹೋಟೆಲ್ ಬುಕ್ ಮಾಡಿದಾಗಿನದು. ಬಿಲ್ಲಿಗೆ ವಜಾ ಮಾಡಿಕೊಳ್ಳಲು ಹೋದರೆ ಅದೇ ಪಾಯಿಂಟಿಗೆ 30 ಪೈಸೆ ಕೊಡುವ ಕಾರ್ಡ್‌ಗಳಿವೆ. ಆಗ 7,920 ಪಾಯಿಂಟ್ ಬರೀ 2,376 ರೂಪಾಯಿ. ಕುರ್ಲಾದಿಂದ ಮತ್ಸ್ಯಗಂಧ ಹತ್ತಿ ವರ್ಷಕ್ಕೆರಡು ಸಲ ಉಡುಪಿಗೆ ಹೋಗಿಬರುವ ಸಂಸಾರಕ್ಕೆ ವಿಮಾನದ ಪಾಯಿಂಟ್ ಯಾಕೆ?

ಮೊದಲ ವರ್ಷ ಶುಲ್ಕದಷ್ಟೇ ಸ್ವಾಗತ ಪಾಯಿಂಟ್ ಕೊಡುವ ಕಾರ್ಡ್‌ಗಳೂ ಉಂಟು. ರಿನ್ಯೂ ಮಾಡುವಾಗಲೂ ಅಷ್ಟೇ ಕೊಡುತ್ತಾರೆಯೇ ಎಂದು ಎಂಐಟಿಸಿ ಎಂಬ ಷರತ್ತುಪತ್ರದಲ್ಲಿ ಓದಿಕೊಳ್ಳಿ, ಮಾರುವವರ ಬಾಯಿಮಾತು ಸಾಲದು. ‘ಲೈಫ್‌ಟೈಮ್ ಫ್ರೀ’ ಬೇರೆ, ‘ಫಸ್ಟ್ ಇಯರ್ ಫ್ರೀ’ ಬೇರೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಇಷ್ಟು ಖರ್ಚು ಮಾಡಿದರೆ ಶುಲ್ಕ ಮಾಫಿ ಎಂದಿದ್ದರೆ ಆ ವರ್ಷ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ತಾರೀಖಿನಿಂದ ಶುರು, ಜನವರಿಯಿಂದಲ್ಲ. ಮಾಫಿಗೆ 60,000 ಕಡಿಮೆ ಬಿತ್ತೆಂದು ಬೇಡದ ಟಿವಿ ತಂದರೆ 11,800 ಉಳಿಸಲು 60,000 ಸುರಿದಂತೆ.

ಲೌಂಜಿಗೆ ಬೆಲೆ ಕಟ್ಟುವಾಗ ಕಾರ್ಡಿನವರು ಹೇಳುವ ದರ ಬಿಡಿ. ಲೌಂಜ್ ಇಲ್ಲದಿದ್ದರೆ ಏರ್‌ಪೋರ್ಟಿನಲ್ಲಿ ಇಡ್ಲಿ, ಕಾಫಿಗೆ ನೀವು ಎಷ್ಟು ಕೊಡುತ್ತಿದ್ದಿರೋ ಅಷ್ಟೇ ಬರೆದುಕೊಳ್ಳಿ. ಮನೆಯಿಂದ ಅವಲಕ್ಕಿ ಕಟ್ಟಿಕೊಂಡು ಹೋಗುವವರಿಗೆ ಅದು ಸೊನ್ನೆ. ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚಾಗಿದ್ದರೆ ಮಾತ್ರ ಪ್ರವೇಶ ಎಂಬ ಷರತ್ತು ಈಗ ಎಷ್ಟೋ ಕಾರ್ಡ್‌ಗಳಲ್ಲಿದೆ. ಜೊತೆಗೆ ಬಂದವರಿಗೆ ಬೇರೆ ದುಡ್ಡು.

ದುಬಾರಿ ಕಾರ್ಡ್ ನಿಜವಾಗಿ ಕೆಲಸಕ್ಕೆ ಬರುವುದು ಪರದೇಶದಲ್ಲಿ. ದುಬೈಯಲ್ಲಿರುವ ಮಗಳ ಮನೆಗೆ ಹೋಗಿ 2 ಲಕ್ಷ ಖರ್ಚು ಮಾಡಿದರೆ 3.5% ಮಾರ್ಕಪ್ (ಪರದೇಶದ ಖರ್ಚಿನ ಮೇಲೆ ಕಾರ್ಡಿನವರು ಹಾಕುವ ಶುಲ್ಕ), ಜಿಎಸ್‌ಟಿ ಸೇರಿ 8,260. ಅದೇ 2% ಇದ್ದರೆ 4,720. ಅಲ್ಲಿ ಯಂತ್ರ ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಎಂದು ಕೇಳಿದರೆ ದಿರ್ಹಾಮ್ ಎನ್ನಿ. ರೂಪಾಯಿ ಒತ್ತಿದರೆ ಅಂಗಡಿ ಕಡೆಯವರ ವಿನಿಮಯ ದರ ಬೀಳುತ್ತದೆ, ಅದು ಸಾಮಾನ್ಯವಾಗಿ ದುಬಾರಿ.

ಮಾಟುಂಗಾ ಮಾರ್ಕೆಟ್‌ನಲ್ಲಿ ಕ್ಯುಆರ್ ಸ್ಕ್ಯಾನ್ ಮಾಡಿ ಕೊಡುವವರಿಗೆ ಶುಲ್ಕವಿಲ್ಲದ ರುಪೇ ಕಾರ್ಡ್ ಹೆಚ್ಚು ಉಪಯೋಗ, ಯುಪಿಐಗೆ ಜೋಡಿಸಲಾಗುವ ಕ್ರೆಡಿಟ್ ಕಾರ್ಡ್ ಅದೊಂದೇ. ಆದರೆ ಅಂಗಡಿಯ ವ್ಯಾಪಾರಿ ಕ್ಯುಆರ್‌ಗೆ ಮಾತ್ರ ನಡೆಯುತ್ತದೆ. ಸೊಪ್ಪಿನ ಗಾಡಿಯವರ ಸ್ವಂತ ಖಾತೆಯ ಕ್ಯುಆರ್‌ಗೆ ಆಗುವುದಿಲ್ಲ.

ಈಗಾಗಲೇ ದುಬಾರಿ ಕಾರ್ಡ್ ಕೈಯಲ್ಲಿದ್ದು ಲೆಕ್ಕ ಕೂಡದಿದ್ದರೆ, ಶುಲ್ಕದ ಬಿಲ್ ಬರುವ ತಿಂಗಳಿಗೆ ಮುಂಚೆಯೇ ಫೋನ್ ಮಾಡಿ ಮಾಫಿ ಕೇಳಿ, ಇಲ್ಲವೆಂದರೆ ಶುಲ್ಕವಿಲ್ಲದ ಕಾರ್ಡಿಗೆ ಬದಲಿಸಿಕೊಡಿ ಎನ್ನಿ. ಹಳೆಯ ಖಾತೆ ಉಳಿದರೆ ನಿಮ್ಮ ಸಾಲದ ಇತಿಹಾಸಕ್ಕೆ ಸಿಗುವ ಸಿಬಿಲ್ ಅಂಕಕ್ಕೂ ಒಳ್ಳೆಯದು. ಅದಕ್ಕೂ ಒಪ್ಪದಿದ್ದರೆ ಮೊದಲು ಪಾಯಿಂಟ್ ಖಾಲಿ ಮಾಡಿ, ಬಾಕಿ ಪೂರ್ತಿ ತೀರಿಸಿ, ಆಮೇಲೆ ಮುಚ್ಚಲು ಲಿಖಿತ ಅರ್ಜಿ ಕೊಡಿ. ಆರ್‌ಬಿಐ ನಿರ್ದೇಶನದಂತೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಅರ್ಜಿಯ ನಂಬರ್, ತಾರೀಖು ಬರೆದಿಟ್ಟುಕೊಳ್ಳಿ.